ಕುವೆಂಪುನಗರದ ಬ್ಯಾಡ್ಮಿಂಟನ್ ಕ್ಲಾಸ್: ಒಳ್ಳೆ ಮೇಷ್ಟ್ರು ಸಿಕ್ಕಿದ್ದಾರೆ

ಮೈಸೂರಿನಲ್ಲಿ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುವವರಿಗೇನೂ ಕಮ್ಮಿ ಇಲ್ಲ. ಬೇಸಿಗೆ ರಜೆ ಬಂದರಂತೂ ಬಡಾವಣೆಗೊಂದು ಕ್ಯಾಂಪ್. ಆದರೆ ಕುವೆಂಪುನಗರದಲ್ಲಿ ನನ್ನ ಮಗಳು ಹೋಗುತ್ತಿರುವ ಕ್ಲಾಸ್ ಬಗ್ಗೆ ಬರೆಯಲೇಬೇಕು ಅನ್ನಿಸಿತು, ಯಾಕಂದ್ರೆ ಅಲ್ಲಿನ ಕೋಚ್ ಪಾಠ ಮಾಡುವ ರೀತಿ ಎಷ್ಟೋ ಸ್ಕೂಲುಗಳಲ್ಲೂ ಸಿಗೋದಿಲ್ಲ.

ಮೊನ್ನೆ ನೋಡಿದ್ದನ್ನೇ ಹೇಳ್ತೀನಿ. ಮಗಳು ಹೊಡೆದ ಶಟಲ್ ಮತ್ತೆ ಮತ್ತೆ ನೆಟ್‌ಗೆ ಬೀಳುತ್ತಿತ್ತು. ಬೇರೆಯವರಾಗಿದ್ದರೆ "ಜೋರಾಗಿ ಹೊಡಿ" ಅಂತ ಕೂಗಿಬಿಡುತ್ತಿದ್ದರು. ಇವರು ಆಟ ನಿಲ್ಲಿಸಿ, "ಯಾಕೆ ಬೀಳ್ತಿದೆ ಪುಟ್ಟಾ, ನೀನೇ ಹೇಳು" ಅಂತ ಕೇಳಿ ಸುಮ್ಮನೆ ನಿಂತರು. ಅವಳು ಒಂದು ಸಲ ಗಾಳಿಯಲ್ಲಿ ರಾಕೆಟ್ ಬೀಸಿ ನೋಡಿ, "ಶಟಲ್ ತುಂಬಾ ಕೆಳಗೆ ಬಂದಮೇಲೆ ಹೊಡೀತಿದೀನಿ ಸರ್" ಅಂದಳು. ಸರಿ, ಪಾಠ ಕೈಯಿಂದ ಕಾಲಿಗೆ ಹೋಯಿತು. ಕಾಲು ಬೇಗ ಎತ್ತಿಟ್ಟರೆ ತಾನೇ ಶಟಲ್ ಮೇಲಿರುವಾಗಲೇ ಸಿಗೋದು? ತಾವೇ ಒಂದು ಸಲ ಮಾಡಿ ತೋರಿಸಿದರು, ಆಮೇಲೆ ಬುಟ್ಟಿ ತುಂಬಾ ಶಟಲ್ ಇಟ್ಟುಕೊಂಡು ಒಂದಾದ ಮೇಲೊಂದು ಎಸೆದರು. ಅವಳು ರಾಕೆಟ್ ಹಿಡಿದಿದ್ದೂ ಸರಿ ಇರಲಿಲ್ಲ, ಅದು ನನಗೇ ಕಾಣಿಸುತ್ತಿತ್ತು, ಆದರೆ ಅವತ್ತು ಅದರ ಮಾತೇ ಎತ್ತಲಿಲ್ಲ. ಒಂದು ಸಲಕ್ಕೆ ಒಂದೇ ತಪ್ಪು.

ಇವರನ್ನು ನೋಡುವಾಗ ನನಗೆ ನೆನಪಾಗೋದು ಅಮೆರಿಕದ ಜಾನ್ ವುಡನ್. ಮೊದಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಆಮೇಲೆ ಯುಸಿಎಲ್‌ಎ ಅನ್ನುವ ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ಕೋಚ್. 1974-75ರಲ್ಲಿ ಇಬ್ಬರು ಮನಃಶಾಸ್ತ್ರಜ್ಞರು ಅವರ ಪ್ರಾಕ್ಟೀಸ್ ನೋಡುತ್ತಾ ಕೂತು, ಅವರು ಏನೇನು ಹೇಳುತ್ತಾರೆ ಅಂತ ಲೆಕ್ಕ ಇಟ್ಟರು. ಅದರಲ್ಲಿ ಅರ್ಧದಷ್ಟು ಬರೀ ಏನು ಮಾಡಬೇಕು, ಹೇಗೆ ಮಾಡಬೇಕು ಅನ್ನುವ ಮಾತು. ಹೊಗಳಿಕೆ ನೂರಕ್ಕೆ 7ರಷ್ಟೂ ಇರಲಿಲ್ಲ. ನಮ್ಮ ಕೋಚೂ ಹಾಗೇ, ಸುಮ್ಸುಮ್ನೆ ಗುಡ್ ಗುಡ್ ಅನ್ನೋದಿಲ್ಲ. "ಈಗ ಮೊಣಕೈ ಮೇಲಿತ್ತು, ಹಾಗೇ ಇರಲಿ" ಅನ್ನುತ್ತಾರೆ. ಏನು ಸರಿಯಾಯ್ತು ಅಂತ ಮಗುವಿಗೆ ಗೊತ್ತಾಗೋದು ಹೀಗೆ ಹೇಳಿದಾಗ ಅಲ್ವಾ?

ಕೊರತೆ ಇಲ್ಲ ಅಂತಲ್ಲ. ನೆಲ ಸಿಮೆಂಟಿಂದು, ಮಂಡಿಗೆ ಒಳ್ಳೇದಲ್ಲ, ಒಳ್ಳೆ ಶೂ ಬೇಕೇ ಬೇಕು. ಸಂಜೆ ಬ್ಯಾಚಿನಲ್ಲಿ ಮಕ್ಕಳು ಜಾಸ್ತಿ, ಎಲ್ಲರಿಗೂ ಇಷ್ಟು ಗಮನ ಸಿಗೋದಿಲ್ಲ, ಅದು ನನಗೆ ನಿಜವಾಗಲೂ ಬೇಜಾರು. ಆದಷ್ಟು ಬೆಳಗಿನ ಬ್ಯಾಚಿಗೇ ಸೇರಿಸಿ. ಮೂರೇ ತಿಂಗಳಲ್ಲಿ ಟೂರ್ನಮೆಂಟ್ ಆಡಿಸಿ ಅನ್ನುವವರಿಗೆ ಈ ಜಾಗ ಆಗಿಬರೋದಿಲ್ಲ. ಫೀಸ್ ಕಟ್ಟುವ ಮುಂಚೆ ಒಂದು ಕ್ಲಾಸ್ ಪೂರ್ತಿ ಕೂತು ನೋಡಿ, ಅಪ್ಪ ಅಮ್ಮಂದಿರನ್ನು ಅವರು ಆಚೆ ಕಳಿಸೋದಿಲ್ಲ.