ಗಿಟ್‌ಹಬ್ಬೋ, ಕೋಡ್‌ಬರ್ಗೋ: ನಿಮ್ಮ ಯೋಜನೆಗೆ ಯಾವ ಜಾಗ?

ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಓದಿ ಬದಲಿಸಬಹುದಾದ ತಂತ್ರಾಂಶದ, ಕೋಡ್ ಇಡಲು ತಾಣ ಹುಡುಕುವವರು ಮೊದಲು ಸೌಲಭ್ಯ ನೋಡುತ್ತಾರೆ. ನಾನು ಮೊದಲು ನೋಡುವುದು ಅದು ಯಾರ ಕೈಯಲ್ಲಿದೆ ಎಂದು. 2015ರಲ್ಲಿ ಇಂಥದ್ದೇ ತಾಣವಾದ ಸೋರ್ಸ್‌ಫೋರ್ಜ್, ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನ ವಿಂಡೋಸ್ ಇನ್‌ಸ್ಟಾಲರ್ ಜೊತೆ ಜಾಹೀರಾತು ಕೊಡುಗೆಗಳನ್ನೂ ಸೇರಿಸಿ ಹಂಚಿತು. ಗಿಂಪ್ ತಂಡದ ಒಪ್ಪಿಗೆಯೇ ಇರಲಿಲ್ಲ. 2016ರಲ್ಲಿ ಹೊಸ ಮಾಲೀಕರು ಬಂದು ಆ ಪದ್ಧತಿ ನಿಲ್ಲಿಸಿದರು. ಆದರೆ ಹೋದ ನಂಬಿಕೆ ಅಷ್ಟು ಬೇಗ ಬರಲ್ಲ, ಅಲ್ವಾ?

ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್‌ನದ್ದು. ಅಲ್ಲಿ ಜನ ಜಾಸ್ತಿ, ಕೈಜೋಡಿಸುವವರು ಬೇಗ ಸಿಗುತ್ತಾರೆ. 2020ರಲ್ಲಿ ಹಕ್ಕುಸ್ವಾಮ್ಯದ ದೂರು ಬಂತೆಂದು ವಿಡಿಯೊ ಇಳಿಸಿಕೊಳ್ಳುವ ತಂತ್ರಾಂಶ ಯೂಟ್ಯೂಬ್-ಡಿಎಲ್ ಅನ್ನು ತಾಣದಿಂದ ತೆಗೆದಿತ್ತು. ಕೆಲವೇ ವಾರಗಳಲ್ಲಿ ವಾಪಸ್ ಹಾಕಿತು. ಇಂಥ ದೂರು ಎದುರಿಸುವ ಡೆವಲಪರ್‌ಗಳಿಗೆಂದು 10 ಲಕ್ಷ ಡಾಲರ್ ನಿಧಿಯನ್ನೂ ಘೋಷಿಸಿತು. ಬಂದ ಹಕ್ಕುಸ್ವಾಮ್ಯದ ದೂರುಗಳನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತದೆ. ಇದು ನಿಜಕ್ಕೂ ಒಳ್ಳೆಯ ಅಭ್ಯಾಸ, ಎಲ್ಲ ತಾಣಗಳೂ ಮಾಡಬೇಕು. ಆದರೆ ಗಿಟ್‌ಹಬ್‌ನ ಸ್ವಂತ ಕೋಡ್ ಮುಕ್ತವಲ್ಲ.

ಕೋಡ್‌ಬರ್ಗ್ ಬರ್ಲಿನ್‌ನ ಲಾಭರಹಿತ ಸಂಘ. ಸದಸ್ಯರ ಶುಲ್ಕ, ದೇಣಿಗೆಗಳಿಂದ ನಡೆಯುತ್ತದೆ. ಸದಸ್ಯರು ಮತ ಹಾಕಬಹುದು. ಅದು ಓಡುವುದು ಫೋರ್ಜೆಯೊ (Forgejo) ಎಂಬ ಮುಕ್ತ ತಂತ್ರಾಂಶದ ಮೇಲೆ. ಬೇಡವೆನಿಸಿದರೆ ಅದೇ ತಂತ್ರಾಂಶ ಹಾಕಿಕೊಂಡು ನಿಮ್ಮ ಸರ್ವರ್‌ಗೇ ಹೋಗಬಹುದು. ಕೊರತೆ ಎಂದರೆ ಯಂತ್ರಬಲ.

ಕೋಡ್ ಸರಿಯಿದೆಯೇ ಎಂದು ನೋಡುವ ಭಾರೀ ಪರೀಕ್ಷೆಗಳು ದಿನವೂ ತಾಣದ ಯಂತ್ರಗಳಲ್ಲೇ ಓಡಬೇಕಾದರೆ ಗಿಟ್‌ಹಬ್ ಸರಿ. ಸಣ್ಣ ತಂಡವಾದರೆ ನಾನು ಕೋಡ್‌ಬರ್ಗ್ ಎನ್ನುತ್ತೇನೆ. ಎಲ್ಲೇ ಇಟ್ಟರೂ ಬಗ್ ವರದಿಗಳ ಪ್ರತಿ ಬೇರೆ ಇಟ್ಟುಕೊಳ್ಳಿ. ಸುಮ್ನೆ ಗಿಟ್ ಕ್ಲೋನ್ (ಯೋಜನೆಯ ನಕಲು ಇಳಿಸುವ ಆದೇಶ) ಮಾಡಿದರೆ ಕೋಡ್ ಬರುತ್ತದೆ, ಅವು ಬರುವುದಿಲ್ಲ.