ತಿಂಗಳಿಗೆ 29,999ಕ್ಕೆ ಎಲೆಕ್ಟ್ರಿಕ್ ಕಾರು ಲೀಸ್: ಸಹಿ ಹಾಕುವ ಮುಂಚೆ ಈ ಲೆಕ್ಕ ನೋಡಿ

ನಮ್ಮ ಕಡೆ ಲೀಸ್ ಅಂದರೆ ಮನೆ ಲೀಸ್. ಐದೋ ಹತ್ತೋ ಲಕ್ಷ ಕೊಟ್ಟು, ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಖಾಲಿ ಮಾಡುವ ದಿನ ಕೊಟ್ಟ ದುಡ್ಡು ಪೂರ್ತಿ ವಾಪಸ್. ಕಾರಿನ ಲೀಸ್‌ಗೂ ಅದೇ ಪದ ಬಳಸುತ್ತಾರೆ, ಲೆಕ್ಕ ಮಾತ್ರ ಪೂರಾ ಬೇರೆ. ಇಲ್ಲಿ ಪ್ರತಿ ತಿಂಗಳು ಕೊಟ್ಟದ್ದು ಹೋಯಿತು, ಕೊನೆಯಲ್ಲಿ ಕಾರೂ ಹೋಯಿತು. ಶೋರೂಮಿನಲ್ಲಿ ಕೂತಾಗ ಈ ಒಂದು ವ್ಯತ್ಯಾಸ ತಲೆಯಲ್ಲಿ ಗಟ್ಟಿಯಾಗಿ ಇಲ್ಲದಿದ್ದರೆ ಮುಂದೆ ಏನಾಗುತ್ತದೆ ಎನ್ನುವುದಕ್ಕೆ ತುಮಕೂರಿನ ಒಬ್ಬ ಗ್ರಾಹಕರ ಕಾಗದಪತ್ರಗಳು ಸಾಕು. ಕಂಪನಿಯ ಹೆಸರು ಇಲ್ಲಿ ಬೇಡ, ಅಂಕಿಗಳನ್ನು ನೋಡಿ.

ಕಾರಿನ ಎಕ್ಸ್‌ಶೋರೂಂ ಬೆಲೆ 14.5 ಲಕ್ಷ. ಜಾಹೀರಾತಿನಲ್ಲಿ ಇದ್ದದ್ದು "ಡೌನ್‌ಪೇಮೆಂಟ್ ಸೊನ್ನೆ, ತಿಂಗಳಿಗೆ 29,999". ಡೌನ್‌ಪೇಮೆಂಟ್ ಇರಲಿಲ್ಲ ನಿಜ. ಆದರೆ ಬಡ್ಡಿಯಿಲ್ಲದ ಭದ್ರತಾ ಠೇವಣಿ 90,000 ರೂ., ಪ್ರೊಸೆಸಿಂಗ್ ಶುಲ್ಕ ಜಿಎಸ್‌ಟಿ ಸೇರಿ 11,800 ರೂ. ಮೊದಲ ದಿನವೇ ಕಟ್ಟಬೇಕಾಯಿತು. ಅವಧಿ 36 ತಿಂಗಳು.

ಆಮೇಲೆ ಬಂದದ್ದು ಆಯ್ಕೆಗಳ ಪಟ್ಟಿ. 7.2 ಕಿಲೋವ್ಯಾಟ್ ಮನೆ ಚಾರ್ಜರ್ 50,000. ಸೆರಾಮಿಕ್ ಕೋಟಿಂಗ್ 24,000. ಸೀಟ್ ಕವರ್, ಮ್ಯಾಟ್, ಮಡ್ ಫ್ಲಾಪ್ 21,000. ಎಕ್ಸ್‌ಟೆಂಡೆಡ್ ವಾರಂಟಿ 17,000. ಒಟ್ಟು 1,12,000 ರೂ. "ಈಗ ಕೈಯಿಂದ ಏನೂ ಕೊಡಬೇಡಿ ಸಾರ್, ಬಾಡಿಗೆಯಲ್ಲೇ ಸೇರಿಸಿಬಿಡೋಣ" ಎಂದರು. ದೊಡ್ಡ ಪೆಟ್ಟು ಬಿದ್ದದ್ದು ಈ ಮಾತಿನಲ್ಲಿ.

ಕಾರಣ ಹೀಗೆ. ಲೀಸ್ ಕಂಪನಿ ಬಾಡಿಗೆ ಹಾಕುವಾಗ ಕಾರಿನ ಪೂರ್ತಿ ಬೆಲೆಯನ್ನು ನಿಮ್ಮಿಂದ ವಸೂಲಿ ಮಾಡುವುದಿಲ್ಲ. ಮೂರು ವರ್ಷದ ಕೊನೆಗೆ ಕಾರು ಇಷ್ಟಕ್ಕೆ ಮಾರಾಟವಾಗುತ್ತದೆ ಎಂದು ಒಂದು ಉಳಿಕೆ ಬೆಲೆ ಅಂದಾಜು ಮಾಡಿ, ಅದನ್ನು ಕಳೆದು, ಉಳಿದದ್ದನ್ನು ಬಡ್ಡಿ ಸಮೇತ 36 ಭಾಗ ಮಾಡುತ್ತದೆ. ಆದರೆ ಸೀಟ್ ಕವರ್‌ಗೆ, ಕೋಟಿಂಗ್‌ಗೆ ಉಳಿಕೆ ಬೆಲೆ ಸೊನ್ನೆ. ಅಂದರೆ ಆ 1,12,000ವನ್ನು ಪೂರ್ತಿಯಾಗಿ, ಬಡ್ಡಿ ಸಮೇತ, ಗ್ರಾಹಕರೇ ತೀರಿಸಬೇಕು. 12% ಬಡ್ಡಿಯಲ್ಲಿ ಅದು ತಿಂಗಳಿಗೆ 3,720 ರೂ. ಆಯಿತು, ಅದರ ಮೇಲೆ 5% ಜಿಎಸ್‌ಟಿ. ಮೂರು ವರ್ಷಕ್ಕೆ 1,40,616 ರೂ. ಕೋಟಿಂಗ್ ಹಾಕಿದ್ದು ಬೇರೆಯವರ ಕಾರಿಗೆ, ದುಡ್ಡು ಇವರದು. ಇನ್ನು ಎಕ್ಸ್‌ಟೆಂಡೆಡ್ ವಾರಂಟಿಯಂತೂ ಸುಮ್ಮನೆ ಸುರಿದ ದುಡ್ಡು. ಆ ಕಾರಿಗೆ ತಯಾರಕರ ವಾರಂಟಿಯೇ ಮೂರು ವರ್ಷ ಇತ್ತು. ವಿಸ್ತರಣೆ ಶುರುವಾಗುವುದು ನಾಲ್ಕನೇ ವರ್ಷಕ್ಕೆ, ಕಾರು ವಾಪಸ್ ಹೋಗುವುದು ಮೂರನೇ ವರ್ಷದ ಕೊನೆಗೆ.

ಹೀಗೆ 29,999 ಎಂಬುದು 33,719 ಆಗಿ, ಜಿಎಸ್‌ಟಿ ಸೇರಿ 35,405ಕ್ಕೆ ನಿಂತಿತು. ಅಲ್ಲಿಗೇ ಮುಗಿದಿದ್ದರೆ ಈ ಬರಹದ ಅಗತ್ಯ ಇರಲಿಲ್ಲ.

ಒಪ್ಪಂದದ ಶೆಡ್ಯೂಲ್‌ನಲ್ಲಿ, ಅಂದರೆ ಸಹಿ ಹಾಕುವ ಮುಖ್ಯ ಕಾಗದದ ಹಿಂದೆ ಪಿನ್ ಮಾಡಿರುವ ಪುಟದಲ್ಲಿ, ಎರಡು ಸಾಲು ಇದ್ದವು: ವರ್ಷಕ್ಕೆ 15,000 ಕಿಲೋಮೀಟರ್ ಮಿತಿ, ಮೀರಿದ ಪ್ರತಿ ಕಿಲೋಮೀಟರ್‌ಗೆ 9 ರೂ., ವರ್ಷಕ್ಕೊಮ್ಮೆ ಲೆಕ್ಕ. ತುಮಕೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ಹೋಗಲು 70, ಬರಲು 70. ತಿಂಗಳಿಗೆ 22 ದಿನ ಓಡಿಸಿದರೆ 3,080 ಕಿ.ಮೀ., ವರ್ಷಕ್ಕೆ 36,960. ಮಿತಿ ಕಳೆದರೆ 21,960 ಕಿ.ಮೀ. ಹೆಚ್ಚುವರಿ. ವರ್ಷದ ಕೊನೆಗೆ ಬಂದ ಬಿಲ್ 1,97,640 ರೂ. ಅದನ್ನೂ ಬಾಡಿಗೆಯನ್ನೂ ಕೂಡಿಸಿದರೆ ಮೊದಲ ವರ್ಷದ ಖರ್ಚು 6,22,500 ರೂ. ತಿಂಗಳಿಗೆ 51,875. ಕರೆಂಟಿನ ಖರ್ಚು ಇದರಲ್ಲಿ ಸೇರಿಲ್ಲ. ಇದೇ ಓಟದಲ್ಲಿ ಮೂರು ವರ್ಷ ಹೋದರೆ 18,67,500 ರೂ. ಹದಿನಾಲ್ಕೂವರೆ ಲಕ್ಷದ ಕಾರಿಗೆ ಹದಿನೆಂಟೂವರೆ ಲಕ್ಷ ದಾಟಿ ಕೊಟ್ಟು, ಕೊನೆಗೆ ಕೀಲಿಯನ್ನೂ ಅವರ ಕೈಗೇ ಒಪ್ಪಿಸಬೇಕು.

ಮಿತಿ ಇಡುವುದರಲ್ಲಿ ಮೋಸವೇನೂ ಇಲ್ಲ. ಅನೇಕ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಮೂರು ವರ್ಷದಲ್ಲೇ ಒಂದು ಲಕ್ಷ ದಾಟಿದ ಕಾರನ್ನು ಕೊಳ್ಳುವವನು ಉಳಿದ ವಾರಂಟಿಯನ್ನೇ ಮೊದಲು ನೋಡುತ್ತಾನೆ, ಹಾಗಾಗಿ ಉಳಿಕೆ ಬೆಲೆ ಕುಸಿಯುತ್ತದೆ. ತಪ್ಪು ಇರುವುದು, ದಿನಾ ಬೆಂಗಳೂರಿಗೆ ಓಡಾಡುವವರು ಎಂದು ಗೊತ್ತಿದ್ದೂ 15,000ದ ಯೋಜನೆ ಮಾರಿದ್ದರಲ್ಲಿ. ಕೋಲಾರದಿಂದ 75ನೇ ಹೆದ್ದಾರಿಯಲ್ಲಿ, ಚಿಕ್ಕಬಳ್ಳಾಪುರದಿಂದ 44ನೇ ಹೆದ್ದಾರಿಯಲ್ಲಿ ದಿನವೂ ಹೋಗಿಬರುವವರ ಲೆಕ್ಕವೂ ಹೆಚ್ಚುಕಡಿಮೆ ಇದೇ. ಒಂದು ತಿಂಗಳು ಈಗಿನ ಗಾಡಿಯ ಓಡೋಮೀಟರ್ ಬರೆದಿಟ್ಟುಕೊಳ್ಳಿ, ಹನ್ನೆರಡರಿಂದ ಗುಣಿಸಿ, ಊರು, ಮದುವೆ, ಜಾತ್ರೆ ಅಂತ ಇನ್ನೊಂದು ಎರಡು ಸಾವಿರ ಸೇರಿಸಿ. ಆ ಅಂಕಿಗೆ ಬಾಡಿಗೆ ಎಷ್ಟು ಎಂದು ಲಿಖಿತವಾಗಿ ಕೇಳಿ. ಮೊದಲೇ ಕೊಂಡ ಕಿಲೋಮೀಟರ್ ಸಾಮಾನ್ಯವಾಗಿ ಆಮೇಲೆ ಮೀರಿದ ಕಿಲೋಮೀಟರ್‌ಗಿಂತ ಅಗ್ಗ.

ಬಿಲ್ ನೋಡಿ ಕಾರು ವಾಪಸ್ ಕೊಡುತ್ತೇನೆ ಎಂದರೆ ಅದಕ್ಕೂ ದಂಡ. ಉಳಿದ ಬಾಡಿಗೆಯ ಅರ್ಧ ಕಟ್ಟಬೇಕೆಂಬ ಷರತ್ತು. 24 ತಿಂಗಳಿಗೆ ಜಿಎಸ್‌ಟಿ ಬಿಟ್ಟು 8,09,256 ರೂ. ಬಾಡಿಗೆ ಬಾಕಿ, ಅದರ ಅರ್ಧ 4,04,628. ಕೆಲಸ ಬದಲಾದರೂ, ವರ್ಗವಾದರೂ ವಿನಾಯಿತಿ ಇಲ್ಲ.

ಹೋಲಿಕೆಗೆ ಸಾಲದ ಲೆಕ್ಕ: ಇದೇ ಕಾರಿಗೆ 13 ಲಕ್ಷ ಸಾಲ, 9.5% ಬಡ್ಡಿ, 60 ತಿಂಗಳು ಎಂದರೆ ಇಎಂಐ ಸುಮಾರು 27,300 ರೂ. ಬೆಲೆಯಲ್ಲಿ ಉಳಿದ ಒಂದೂವರೆ ಲಕ್ಷವನ್ನೂ ವಿಮೆ, ನೋಂದಣಿ, ತೆರಿಗೆಯ ಖರ್ಚನ್ನೂ ಕೈಯಿಂದ ಹಾಕಬೇಕು. ಮೂರು ವರ್ಷದ ಕೊನೆಗೆ ಸುಮಾರು 5.95 ಲಕ್ಷ ಅಸಲು ಬಾಕಿ ಇರುತ್ತದೆ, ಕಾರು ನಿಮ್ಮದೇ, ಎಷ್ಟು ಓಡಿಸಿದಿರಿ ಎಂದು ಕೇಳುವವರಿಲ್ಲ. 10 ಲಕ್ಷ ಮೀರಿದ ಕಾರಿಗೆ ಬಿಲ್‌ನಲ್ಲಿ ಹಿಡಿಯುವ 1% ಟಿಸಿಎಸ್ (ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ಆದಾಯ ತೆರಿಗೆ) ಕೂಡ ನಿಮ್ಮ ಪ್ಯಾನ್‌ಗೆ ಜಮೆಯಾಗಿ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ಲೀಸ್‌ನಲ್ಲಿ ಕೊಳ್ಳುವವರು ಕಂಪನಿ, ಆದ್ದರಿಂದ ಆ ಜಮೆ ನಿಮಗೆ ಬಾರದು. ಲೀಸ್ ಕೊಟೇಷನ್‌ನಲ್ಲಿ ಟಿಸಿಎಸ್ ಸಾಲು ಕಂಡರೆ ಯಾಕೆ ಎಂದು ಕೇಳಿ.

ತೆರಿಗೆ ಉಳಿಯುತ್ತದೆ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ಎಲೆಕ್ಟ್ರಿಕ್ ವಾಹನದ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ವಿನಾಯಿತಿ ಕೊಡುತ್ತಿದ್ದ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಂ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಸಂಬಳದಾರರಿಗೆ ಲೀಸ್‌ನಿಂದ ತೆರಿಗೆ ಉಳಿಯುವುದು ಉದ್ಯೋಗ ಕೊಟ್ಟ ಕಂಪನಿಯೇ ಲೀಸ್ ಮಾಡಿಸಿಕೊಟ್ಟಾಗ. ಸ್ವಂತ ಹೆಸರಿನಲ್ಲಿ ಮಾಡಿಕೊಂಡ ಲೀಸ್‌ಗೆ ಆ ಲಾಭವಿಲ್ಲ. ಹಾಗೆಯೇ "ಸಬ್ಸಿಡಿ ಕಳೆದು ಬೆಲೆ" ಎಂದರೂ ನಂಬಬೇಡಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ ಪಿಎಂ ಇ-ಡ್ರೈವ್‌ನಲ್ಲಿ ಖಾಸಗಿ ಕಾರುಗಳಿಲ್ಲ.

ರಸ್ತೆ ತೆರಿಗೆ ವಿಷಯದಲ್ಲಿ ಎಚ್ಚರ ಬೇಕು. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಮೊದಲಿದ್ದ ಪೂರ್ಣ ವಿನಾಯಿತಿ 2024ರ ತಿದ್ದುಪಡಿಯಿಂದ ಬದಲಾಯಿತು, 25 ಲಕ್ಷ ಮೀರಿದ ಕಾರುಗಳಿಗೆ 10% ಆಜೀವ ತೆರಿಗೆ ಬಂತು. ದುಡ್ಡು ಕಟ್ಟುವ ದಿನದ ದರವನ್ನು ಆರ್‌ಟಿಓ ಕಚೇರಿಯಲ್ಲೇ ಕೇಳಿ, ಶೋರೂಂ ಮಾತಿನ ಮೇಲೆ ಬಿಡಬೇಡಿ. ಕೆಲವು ಲೀಸ್ ಕಂಪನಿಗಳು ಬೇರೆ ರಾಜ್ಯದ ನಂಬರ್ ಇರುವ ಕಾರನ್ನು ಕೊಡಲು ನೋಡುತ್ತವೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಬೇಕು. ತುಮಕೂರಿನವರಾದರೆ ಕೆಎ-06, ಕೋಲಾರಕ್ಕೆ ಕೆಎ-07, ಚಿಕ್ಕಬಳ್ಳಾಪುರಕ್ಕೆ ಕೆಎ-40 ಬೇಕೇ ಬೇಕು ಎಂದು ಬರೆಸಿ. ಇನ್ನೊಂದು: ಅದೇ ಕಾಯ್ದೆಯ 2(30) ಕಲಂನಲ್ಲಿ, ಲೀಸ್ ಒಪ್ಪಂದದಲ್ಲಿರುವ ಗಾಡಿಗೆ ಅದನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರೇ ಮಾಲೀಕರು. ಕಾರು ಕಂಪನಿಯದು, ಅಪಘಾತವಾದರೆ ಅವರೇ ನೋಡಿಕೊಳ್ಳುತ್ತಾರೆ ಎಂಬ ಭರವಸೆ ನಿಲ್ಲುವುದಿಲ್ಲ.

ವಿಮೆ. ಈ ಒಪ್ಪಂದದಲ್ಲಿ ಮೊದಲ ವರ್ಷದ್ದು ಮಾತ್ರ ಬಾಡಿಗೆಯಲ್ಲಿ ಸೇರಿತ್ತು. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ಬೇರೆಯವರಿಗಾದ ಹಾನಿಗೆ ಇರುವ ವಿಮೆಯನ್ನು, ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಿರುತ್ತಾರೆ. 2022ರ ಜೂನ್ 1ರ ಸರ್ಕಾರಿ ದರಪಟ್ಟಿಯಲ್ಲಿ ಮೋಟಾರ್ ಶಕ್ತಿ 65 ಕಿಲೋವ್ಯಾಟ್ ಮೀರಿದ ಎಲೆಕ್ಟ್ರಿಕ್ ಕಾರಿಗೆ ಅದು 20,907 ರೂ. ಹಾಗಾಗಿ ಎರಡನೇ ವರ್ಷ ಓನ್ ಡ್ಯಾಮೇಜ್ (ನಿಮ್ಮ ಕೈಲಿರುವ ಕಾರಿಗೇ ಆದ ಹಾನಿಯ) ಭಾಗ ಮಾತ್ರ ನವೀಕರಿಸಬೇಕು. ಥರ್ಡ್ ಪಾರ್ಟಿಯನ್ನು ಮತ್ತೆ ಬಿಲ್‌ಗೆ ಸೇರಿಸಿದ್ದರೆ ತೆಗೆಸಿ. ಕಾರು ಪೂರ್ತಿ ಜಖಂ ಆದರೆ ವಿಮೆಯ ಹಣ ಕಂಪನಿಗೆ ಹೋಗುತ್ತದೆ, ಒಪ್ಪಂದದ ಬಾಕಿಗೂ ವಿಮೆಯ ಮೊತ್ತಕ್ಕೂ ಇರುವ ಅಂತರವನ್ನು ನಿಮ್ಮಿಂದ ಕೇಳುತ್ತಾರೆ. ರಿಟರ್ನ್ ಟು ಇನ್ವಾಯ್ಸ್ ಎಂಬ ಆಡ್-ಆನ್ ಕಾರಿನ ಬಿಲ್ ಬೆಲೆಯವರೆಗೆ ಹಣ ಕೊಡುತ್ತದೆ, ಈ ಅಂತರ ತುಂಬಲು ನೆರವಾಗುತ್ತದೆ. ಸೀಟ್ ಕವರ್ ಬಿಟ್ಟು ಇದನ್ನು ಆರಿಸಿ.

ಚಾರ್ಜರ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ಆಯ್ಕೆಗಳಲ್ಲಿ ನಿಜವಾಗಿ ಬೇಕಾದದ್ದು ಇದೊಂದೇ. ಮಹೀಂದ್ರಾದ ಬಿಇ 6, ಎಕ್ಸ್‌ಇವಿ 9ಇ ಎಲೆಕ್ಟ್ರಿಕ್ ಕಾರುಗಳು ಬಂದಾಗ ಚಾರ್ಜರ್ ಬೆಲೆ ಕಾರಿನಿಂದ ಪ್ರತ್ಯೇಕವಿತ್ತು: 7.2 ಕಿಲೋವ್ಯಾಟ್‌ಗೆ 50,000, 11.2 ಕಿಲೋವ್ಯಾಟ್‌ಗೆ 75,000. 11.2ರದ್ದಕ್ಕೆ ತ್ರೀ ಫೇಸ್ ಬೇಕು, ಸಿಂಗಲ್ ಫೇಸ್ ಮನೆಗೆ ಅದನ್ನು ಕೊಂಡರೆ ಹೆಚ್ಚಿಗೆ ಕೊಟ್ಟ 25,000 ವ್ಯರ್ಥ. 7.2ಕ್ಕೆ 32 ಆಂಪಿಯರ್ ಬೇಕು. ಮನೆಯ ಮಂಜೂರಾದ ಲೋಡ್ 2 ಅಥವಾ 3 ಕಿಲೋವ್ಯಾಟ್ ಇದ್ದರೆ ಮೊದಲು ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಬೇಕು, ಆಗ ಪ್ರತಿ ಕಿಲೋವ್ಯಾಟ್‌ಗೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ ಪ್ರತ್ಯೇಕ ಲೈನ್, 6 ಚದರ ಮಿ.ಮೀ. ತಾಮ್ರದ ವೈರ್ (ದೂರ 20 ಮೀಟರ್ ಮೀರಿದರೆ 10 ಚದರ ಮಿ.ಮೀ.), 40 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್), ಪ್ರತ್ಯೇಕ ಅರ್ಥಿಂಗ್ ಗುಂಡಿ. ಹಳೆಯ ಮನೆಗಳಲ್ಲಿ ತೊಂದರೆ ಬರುವುದು ಅರ್ಥಿಂಗ್‌ನಲ್ಲೇ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ಹೆಚ್ಚಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ, 2–3 ವೋಲ್ಟ್ ಒಳಗಿದ್ದರೆ ಸರಿ. ಉಚಿತ ಅಳವಡಿಕೆ ಎಂದರೆ ಎಷ್ಟು ಮೀಟರ್ ವೈರ್ ಉಚಿತ ಎಂದು ಕೇಳಿ. ಇನ್ನು, ಬಾಡಿಗೆಯಲ್ಲಿ ಸೇರಿಸಿದ ಚಾರ್ಜರ್ ಕೊನೆಗೆ ಯಾರದು? ಈ ಒಪ್ಪಂದದಲ್ಲಿ ಕಂಪನಿಯದು. ಚಾರ್ಜರ್ ಬೇಕಿದ್ದರೆ ಬೇರೆ ಬಿಲ್ ಮಾಡಿಸಿ ಸ್ವಂತ ದುಡ್ಡಿನಲ್ಲಿ ತೆಗೆದುಕೊಳ್ಳಿ.

ಗೃಹಜ್ಯೋತಿ ಇರುವ ಮನೆಯವರಿಗೆ ಶೋರೂಮಿನಲ್ಲಿ ಹೇಳದ ಒಂದು ಖರ್ಚಿದೆ. ತಿಂಗಳಿಗೆ 3,080 ಕಿ.ಮೀ. ಓಡಿಸಿದರೆ, ಯೂನಿಟ್‌ಗೆ ಆರೂವರೆ ಕಿ.ಮೀ. ಲೆಕ್ಕದಲ್ಲಿ, ಚಾರ್ಜಿಂಗ್ ನಷ್ಟ ಸೇರಿ 520 ಯೂನಿಟ್ ಬೇಕು. 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಮನೆಯ ಬಳಕೆ 70 ಯೂನಿಟ್ ಇದ್ದರೆ ಅದು ಕೂಡ ಉಚಿತ ಉಳಿಯುವುದಿಲ್ಲ. ಇದಕ್ಕೆ ದಾರಿ ಇದೆ: ಕಾರಿಗೆಂದೇ ಬೆಸ್ಕಾಂನಲ್ಲಿ ಎಲ್‌ಟಿ-6(ಸಿ) ದರದ, ಅಂದರೆ ಎಲೆಕ್ಟ್ರಿಕ್ ವಾಹನ ಚಾರ್ಜಿಂಗ್ ದರದ, ಪ್ರತ್ಯೇಕ ಮೀಟರ್ ಹಾಕಿಸಿ.

ಬ್ಯಾಟರಿ ಬಾಡಿಗೆ ಯೋಜನೆಗೂ, ಅಂದರೆ ಕಾರನ್ನು ಮಾತ್ರ ಕೊಂಡು ಬ್ಯಾಟರಿಗೆ ಓಡಿಸಿದ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಕೊಡುವುದಕ್ಕೂ, ಇದೇ ಕಿಲೋಮೀಟರ್ ಲೆಕ್ಕ ಹಾಕಿ. 2024ರಲ್ಲಿ ಎಂಜಿ ವಿಂಡ್ಸರ್ ಕಾರು ಬಂದಾಗ ಬ್ಯಾಟರಿ ಬಿಟ್ಟು 9.99 ಲಕ್ಷ ಮತ್ತು ಕಿ.ಮೀ.ಗೆ 3.5 ರೂ., ಬ್ಯಾಟರಿ ಸೇರಿ 13.50 ಲಕ್ಷ. ಅಂತರ 3.51 ಲಕ್ಷ, ಅಂದರೆ ಸುಮಾರು ಒಂದು ಲಕ್ಷ ಕಿ.ಮೀ. ಓಟಕ್ಕೆ ಸಮ. ಊರೊಳಗೆ ತಿಂಗಳಿಗೆ 600 ಕಿ.ಮೀ. ಓಡಿಸುವವರಿಗೆ ಇದು ಲಾಭದಂತೆ ಕಾಣುತ್ತದೆ, ಆದರೆ ಒಪ್ಪಂದದಲ್ಲಿ ಕನಿಷ್ಠ ಓಟದ ಷರತ್ತು ಇದೆಯೇ ನೋಡಬೇಕು. 1,500 ಕಿ.ಮೀ. ಕನಿಷ್ಠ ಎಂದಿದ್ದರೆ ಗಾಡಿ ನಿಂತಿದ್ದರೂ 5,250 ರೂ. ಕಟ್ಟಬೇಕು. ದಿನಾ ಬೆಂಗಳೂರಿಗೆ ಹೋಗುವವರು ಮೂರು ವರ್ಷ ತುಂಬುವ ಮೊದಲೇ ಆ ಅಂತರವನ್ನು ಕಟ್ಟಿ ಮುಗಿಸಿರುತ್ತಾರೆ.

ಕಾರು ಕೈಗೆ ಬರುವ ದಿನ ಲಿಫ್ಟ್ ಮೇಲೆ ಏರಿಸಿ ಅಡಿಭಾಗದ ಫೋಟೊ ತೆಗೆಯಿರಿ, ಬ್ಯಾಟರಿಯ ಆರೋಗ್ಯದ ಪ್ರಮಾಣ ತೋರಿಸುವ ವರದಿಯ ಪ್ರತಿ ಪಡೆಯಿರಿ. ಗುಬ್ಬಿ, ಕೊರಟಗೆರೆ ಕಡೆಯ ಹಳ್ಳಿ ದಾರಿಗಳ ಎತ್ತರದ ಹಂಪ್‌ಗಳಿಗೆ ಬ್ಯಾಟರಿಯ ಕೆಳ ತಟ್ಟೆ ಉಜ್ಜುವುದು ಸಾಮಾನ್ಯ. ವಾಪಸ್ ಕೊಡುವಾಗ ಆ ಗೀರಿಗೆ ಠೇವಣಿಯಿಂದ ಕಡಿತ ಮಾಡುತ್ತಾರೆ, ಗೀರು ಮೊದಲೇ ಇತ್ತೆಂದು ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ.

ಈಗಾಗಲೇ ಸಿಕ್ಕಿಬಿದ್ದವರಿಗೆ: ಕಾಗದದಲ್ಲಿ "ವ್ಯಾಜ್ಯವೇನಿದ್ದರೂ ಬೇರೆ ಊರಿನಲ್ಲಿ ಮಧ್ಯಸ್ಥಿಕೆ" ಎಂದಿದ್ದರೂ ಕೈಚೆಲ್ಲಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ ಕೇಳುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ. ಕಾರನ್ನು ಸ್ವಂತ ಬಳಕೆಗೆ ಇಟ್ಟುಕೊಂಡಿರಬೇಕು, ವ್ಯಾಪಾರಕ್ಕೆ ಓಡಿಸುತ್ತಿದ್ದರೆ ತಕರಾರು ಬರುತ್ತದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಶೋರೂಂ ಕಳಿಸಿದ ಮೊದಲ ಕೊಟೇಷನ್, ವಾಟ್ಸಾಪ್ ಮಾತುಕತೆ, ಸಹಿ ಮಾಡಿದ ಶೆಡ್ಯೂಲ್ ಮೂರನ್ನೂ ಪ್ರಿಂಟ್ ತೆಗೆದಿಡಿ. ದಿನಾ 140 ಕಿ.ಮೀ. ಓಡಾಟ ಎಂದು ನೀವು ಮೊದಲೇ ತಿಳಿಸಿದ್ದ ಸಂದೇಶ ಅದರಲ್ಲಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಇಡಿ.