ಎಲ್ಲ ಟ್ಯಾಬಿಗೂ ಒಂದೇ ಸುದ್ದಿ: ಬ್ರಾಡ್‌ಕಾಸ್ಟ್ ಚಾನೆಲ್ ಹೇಗಿದೆ?

ನಮ್ಮ ಬಿಲ್ಲಿಂಗ್ ಆ್ಯಪನ್ನು ಅಕೌಂಟ್ಸ್‌ನವರು ಒಂದೇ ಟ್ಯಾಬಿನಲ್ಲಿ ತೆರೆದಿದ್ದನ್ನು ನಾನು ನೋಡಿಯೇ ಇಲ್ಲ. ಒಂದರಲ್ಲಿ ಲಾಗ್‌ಔಟ್ ಮಾಡಿದರೆ ಉಳಿದವೂ ತಕ್ಷಣ ಲಾಗ್‌ಔಟ್ ಆಗಬೇಕು, ಅಲ್ವಾ? ಅದಕ್ಕೆ ಬ್ರೌಸರಿನಲ್ಲೇ ಇರುವ ಬ್ರಾಡ್‌ಕಾಸ್ಟ್ ಚಾನೆಲ್ ಎಪಿಐ (ಬ್ರೌಸರಿನ ಸೌಲಭ್ಯವನ್ನು ಕೋಡಿನಿಂದ ಬಳಸುವ ದಾರಿ) ಹಾಕಿದೆ. ಸರ್ವರ್ ಬೇಡ, ಲೈಬ್ರರಿ ಬೇಡ. ಒಂದೇ ಹೆಸರಿನ ಚಾನೆಲ್ ತೆರೆದು ಪೋಸ್ಟ್‌ಮೆಸೇಜ್ ಕರೆದರೆ ಸಾಕು, ಅದೇ ಆರಿಜಿನ್‌ನ (ಅಂದರೆ ಅದೇ ಪ್ರೋಟೊಕಾಲ್, ಡೊಮೇನ್, ಪೋರ್ಟ್‌ನ) ಬೇರೆ ಟ್ಯಾಬುಗಳಿಗೆ ಸುದ್ದಿ ಮುಟ್ಟುತ್ತದೆ.

ಮೊದಲು ಲೋಕಲ್‌ಸ್ಟೋರೇಜ್‌ಗೆ (ಬ್ರೌಸರಿನೊಳಗೇ ಡೇಟಾ ಉಳಿಸುವ ಜಾಗ) ಬರೆದು, ಅದು ಬದಲಾದಾಗ ಬೇರೆ ಟ್ಯಾಬುಗಳಿಗೆ ಬರುವ ಸ್ಟೋರೇಜ್ ಈವೆಂಟಿಗೆ ಕಾಯುತ್ತಿದ್ದೆವು. ಅಲ್ಲಿ ಎಲ್ಲವನ್ನೂ ಸ್ಟ್ರಿಂಗ್ (ಬರೀ ಪಠ್ಯ) ಮಾಡಬೇಕು. ಇದ್ದ ವ್ಯಾಲ್ಯೂವನ್ನೇ ಮತ್ತೆ ಬರೆದರೆ ಈವೆಂಟೇ ಬರುವುದಿಲ್ಲ, ಹಾಗಾಗಿ ಸುಮ್ನೆ ಟೈಮ್‌ಸ್ಟ್ಯಾಂಪ್ ಸೇರಿಸುವ ಕಸರತ್ತು. ಇಲ್ಲಿ ಆಬ್ಜೆಕ್ಟ್, ಮ್ಯಾಪ್, ಡೇಟ್ ಹಾಗೇ ಹೋಗುತ್ತವೆ.

ಕೊರತೆಯೂ ಇದೆ. ಹಳೆಯ ಸಂದೇಶ ಉಳಿಯುವುದಿಲ್ಲ. ಈಗಷ್ಟೇ ತೆರೆದ ಟ್ಯಾಬಿಗೆ ಹಿಂದಿನದೇನೂ ಗೊತ್ತಿರುವುದಿಲ್ಲ. ಸ್ಕ್ರೋಲ್, ಮೌಸ್ ಓಡಾಟವನ್ನೆಲ್ಲ ತುಂಬಬೇಡಿ, ಪ್ರತಿ ಸಂದೇಶವೂ ಕಾಪಿ ಆಗಿಯೇ ಹೋಗುತ್ತದೆ; ಥ್ರಾಟಲ್ ಮಾಡಿ, ಅಂದರೆ ಇಷ್ಟು ಹೊತ್ತಿಗೊಂದೇ ಎಂದು ಮಿತಿ ಹಾಕಿ. ಸರ್ವರ್ ಜೊತೆ ಒಂದೇ ಟ್ಯಾಬ್ ಮಾತಾಡಲಿ ಎಂದರೆ ವೆಬ್ ಲಾಕ್ಸ್ ಎಪಿಐ (ಒಂದು ಕೆಲಸದ ಬೀಗವನ್ನು ಒಂದು ಸಲಕ್ಕೆ ಒಂದೇ ಟ್ಯಾಬಿಗೆ ಕೊಡುವುದು) ಜೊತೆಗಿರಲಿ. ಐಫೋನ್‌ನ ಬ್ರೌಸರ್ ಸಫಾರಿಗೆ ಬ್ರಾಡ್‌ಕಾಸ್ಟ್ ಚಾನೆಲ್ ಬಂದಿದ್ದು 2022ರಲ್ಲಿ, 15.4 ಆವೃತ್ತಿಯ ಜೊತೆ. ಅದಕ್ಕಿಂತ ಹಳೇ ಐಫೋನ್ ಸಾಫ್ಟ್‌ವೇರ್ ಇಟ್ಟುಕೊಂಡವರಿಗೆ ಲೋಕಲ್‌ಸ್ಟೋರೇಜೇ ಗತಿ.